ಕತೆ ಬರೆಯಲು ಕೂತ ನಿವೃತ್ತ ಎಂಜಿನಿಯರುಗಳಿಗೆ



ಲೋಕೋಪಯೋಗಿ, ನೀರಾವರಿ, ವಿದ್ಯುತ್ ಇಲಾಖೆಗಳಲ್ಲಿ, ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿಗಳಲ್ಲಿ, ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ, ಕುದುರೆಮುಖದ ಗಣಿಯಲ್ಲಿ ಮೂವತ್ತು ಮೂವತ್ತೈದು ವರ್ಷ ದುಡಿದು, ನಿವೃತ್ತಿಯಾದ ಮೇಲೆ ಕತೆ ಕಾದಂಬರಿಗೆ ಕೈ ಹಾಕಿರುವ ನಿಮ್ಮೆಲ್ಲರಿಗೂ ಸೇರಿಸಿ ಈ ಪತ್ರ. ನೀವು ಕಡಿಮೆ ಮಂದಿಯೇನಲ್ಲ. ಕಥಾಸ್ಪರ್ಧೆಗಳಿಗೆ ಬರುವ ಲಕೋಟೆಗಳಲ್ಲಿ ನಿಮ್ಮವಿರುತ್ತವೆ, ಭಾನುವಾರದ ಪುಸ್ತಕ ಬಿಡುಗಡೆಗಳಲ್ಲಿ ವೇದಿಕೆಯ ಮೇಲೂ ಎದುರಿನ ಕುರ್ಚಿಗಳಲ್ಲೂ ನೀವಿರುತ್ತೀರಿ. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಅರವತ್ತಕ್ಕೆ ಕಚೇರಿ ಬಿಟ್ಟವರ ಮುಂದೆ ಇನ್ನೂ ದೊಡ್ಡದೊಂದು ಅವಧಿ ಬಿದ್ದಿರುತ್ತದೆ. ಅದನ್ನು ಸೈಟು, ಷೇರು, ಸೊಸೈಟಿ ಚುನಾವಣೆಗಳಲ್ಲಿ ಕಳೆಯದೆ ಬರವಣಿಗೆಗೆ ಕೊಟ್ಟವರ ಬಗ್ಗೆ ಕನ್ನಡದ ಓದುಗನಿಗೆ ಗೌರವವೇ ಇರಬೇಕು. ನನ್ನ ತಕರಾರು ಬೇರೆ. ನಿಮ್ಮ ಬಳಗದಿಂದ ಬರುವ ಪುಸ್ತಕಗಳನ್ನು ತೆರೆದರೆ ಬಾಲ್ಯದ ಊರು ಸಿಗುತ್ತದೆ, ಮಡಿ ಅಜ್ಜಿ ಸಿಗುತ್ತಾಳೆ, ಮಹಾಭಾರತದ ಒಂದು ಪಾತ್ರದ ಸ್ವಗತ ಸಿಗುತ್ತದೆ, ಅಮೆರಿಕಕ್ಕೆ ಹೋದ ಮಗ ಮತ್ತು ಖಾಲಿ ಮನೆ ಸಿಗುತ್ತವೆ. ಇಪ್ಪತ್ತೈದನೇ ವಯಸ್ಸಿನಿಂದ ಅರವತ್ತರವರೆಗೆ ದಿನಕ್ಕೆ ಹತ್ತು ಗಂಟೆ ನೀವು ಎಲ್ಲಿದ್ದಿರಿ, ಏನನ್ನು ನಿರ್ಧರಿಸಿದಿರಿ, ಯಾವುದಕ್ಕೆ ಸಹಿ ಹಾಕಿದಿರಿ ಎಂಬುದು ಮಾತ್ರ ಸಿಗುವುದಿಲ್ಲ. ಬದುಕಿನ ಅತಿ ದೊಡ್ಡ ಭಾಗವನ್ನು ಕಚೇರಿಯ ಬೀರುವಿನಲ್ಲೇ ಬಿಟ್ಟು, ಉಳಿದ ಚೂರುಪಾರುಗಳಿಂದ ಕತೆ ಕಟ್ಟುತ್ತಿದ್ದೀರಿ. ಬಿಟ್ಟುಬಂದದ್ದೇ ಕನ್ನಡ ಕಥನಕ್ಕೆ ಬೇಕಾದದ್ದು, ಮತ್ತು ಅದನ್ನು ಆತ್ಮಕಥೆಯಾಗಿ ಬರೆಯದೆ ಕಾದಂಬರಿಯಾಗಿಯೇ ಬರೆಯಬೇಕು. ಈ ಪತ್ರದ ವಾದ ಇಷ್ಟೇ.

ಶರಾವತಿಯನ್ನೇ ತೆಗೆದುಕೊಳ್ಳಿ. ಜೋಗದ ಮೇಲ್ಭಾಗದ ಹಿರೇಭಾಸ್ಕರ ಅಣೆಕಟ್ಟು, ಅಂದರೆ ಆ ಸೀಮೆಯವರ ಮಡೇನೂರು ಡ್ಯಾಮು, 1940ರ ದಶಕದ ಕೆಲಸ. ಅದರ ನೀರನ್ನು ನಂಬಿ 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು. ಈಗ ಮಹಾತ್ಮ ಗಾಂಧಿಯವರ ಹೆಸರಿನಲ್ಲಿರುವ ಆ ಆಗಾರದ ಮೂಲ ಸಾಮರ್ಥ್ಯ 120 ಮೆಗಾವಾಟ್ ಆಗಿತ್ತು. ಅದು ಸಾಲದೆ 1960ರ ದಶಕದಲ್ಲಿ ಲಿಂಗನಮಕ್ಕಿ ಎದ್ದು ನಿಂತಿತು. ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಆ ಗೆರೆಯ ಕೆಳಗಿದ್ದ ಊರು, ತೋಟ, ದೇವಸ್ಥಾನಗಳ ಜೊತೆಗೆ ಮಡೇನೂರು ಡ್ಯಾಮೂ ಮುಳುಗಿತು. ಮಳೆ ಕೈಕೊಟ್ಟ ವರ್ಷಗಳ ಬೇಸಗೆಯಲ್ಲಿ ಅದು ಮೇಲೆದ್ದಾಗ ಜನ ನೋಡಲು ಹೋಗುತ್ತಾರೆ, ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ಎರಡು ದಶಕವೂ ಬಾಳದ ಒಂದು ಅಣೆಕಟ್ಟನ್ನು ನೀರಿನಡಿ ಹಾಕುವ ನಕಾಶೆ ಯಾರದೋ ಮೇಜಿನ ಮೇಲೆ ತಯಾರಾಗಿರಬೇಕು. ಆ ಕೋಣೆಯಲ್ಲಿದ್ದವರಲ್ಲಿ ಮಡೇನೂರಿನ ಕಲ್ಲು ಏರಿಸುವಾಗ ಬಿಸಿಲಲ್ಲಿ ನಿಂತವರೂ ಒಬ್ಬಿಬ್ಬರು ಇದ್ದಿರಬಹುದು. ಅವರ ಮನಸ್ಸಿನಲ್ಲಿ ಏನು ಹಾದುಹೋಯಿತು? ಯೋಜನಾ ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಮುಳುಗಡೆಯ ಕತೆಯನ್ನು ಕನ್ನಡಕ್ಕೆ ತಂದವರು ನಾ. ಡಿಸೋಜ. 1937ರಲ್ಲಿ ಸಾಗರದಲ್ಲಿ ಹುಟ್ಟಿ, ಲೋಕೋಪಯೋಗಿ ಇಲಾಖೆಯ ಕಚೇರಿ ನೌಕರರಾಗಿ ಶರಾವತಿ ಯೋಜನೆಯ ನಡುವೆಯೇ ಬದುಕಿದವರು, 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅವರ ‘ಮುಳುಗಡೆ’, ‘ದ್ವೀಪ’ಗಳಿಲ್ಲದಿದ್ದರೆ ನೀರಿನಡಿ ಹೋದವರ ಪಾಡು ನಮ್ಮ ಸಾಹಿತ್ಯದಲ್ಲಿ ಎಷ್ಟು ತೆಳ್ಳಗೆ ಉಳಿಯುತ್ತಿತ್ತೆಂದು ಊಹಿಸಿ. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದ ಮೇಲಂತೂ ಅದು ಓದದವರಿಗೂ ಮುಟ್ಟಿತು. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಆ ಯೋಜನೆಯಲ್ಲಿ ಎಷ್ಟೋ ಮಂದಿ ಎಂಜಿನಿಯರುಗಳು ದುಡಿದರು, ಕತೆ ಹೇಳಿದ್ದು ಗುಮಾಸ್ತರ ಮೇಜು. ಎಂಜಿನಿಯರ ಕಡೆಯಿಂದ ಉತ್ತರ ಬರಲು ಬಹಳ ಕಾಲ ಹಿಡಿಯಿತು, ಬಂದದ್ದೂ ವಿದ್ಯುತ್ ಇಲಾಖೆಯಿಂದ. ಅಲ್ಲಿ ಎಂಜಿನಿಯರಾಗಿ ದುಡಿದು ನಿವೃತ್ತರಾದ ಗಜಾನನ ಶರ್ಮ ‘ಪುನರ್ವಸು’ವಿನಲ್ಲಿ ಮಡೇನೂರು ಅಣೆಕಟ್ಟು, ಜೋಗದ ಯೋಜನೆ, ಭಾರಂಗಿ ಸೀಮೆಯ ಮುಳುಗಡೆಗಳನ್ನು ಒಂದೇ ಕಾದಂಬರಿಯಾಗಿ ಹಿಡಿದರು. ಅವರು ಮೊದಲು ಮಕ್ಕಳ ನಾಟಕಗಳನ್ನು ಬರೆದವರು, ಲೇಖನಿ ಹೊಸದಲ್ಲ. ಆದರೆ ದೊಡ್ಡ ಕಾದಂಬರಿಗಳು ಬಂದದ್ದು ಬದುಕಿನ ಈ ತುದಿಯಲ್ಲಿ. ಮುಂದೆ ‘ಪ್ರಮೇಯ’ದಲ್ಲಿ ಭಾರತದ ಮಹಾ ತ್ರಿಕೋನಮಿತಿ ಸರ್ವೆಯನ್ನು ಎತ್ತಿಕೊಂಡರು. ಬೆಟ್ಟದಿಂದ ಬೆಟ್ಟಕ್ಕೆ ಕೋನ ಅಳೆದು ದೇಶದ ನಕ್ಷೆ ಬರೆದವರ ಕತೆಯನ್ನು ಕಾದಂಬರಿಯ ವಸ್ತುವೆಂದು ಗುರುತಿಸಲು ಅಳತೆಯ ಸಂಕಟ ಗೊತ್ತಿರುವವರೇ ಬೇಕಾಯಿತು. ಒಬ್ಬರು ಹೀಗೆ ಬರೆದರೆ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಉಳಿದವರು ಏನು ಮಾಡುತ್ತಿದ್ದೀರಿ ಎಂಬ ಪ್ರಶ್ನೆಯೂ ಇಲ್ಲಿಂದಲೇ ಹುಟ್ಟುತ್ತದೆ.

ಇದಕ್ಕೆ ಬೆರಗು ಹುಟ್ಟಿಸುವಷ್ಟು ಹತ್ತಿರದ ಜೋಡಿ ಸ್ಪೇನಿನಲ್ಲಿದೆ. ಹ್ವಾನ್ ಬೆನೆಟ್ ಅಣೆಕಟ್ಟು, ಸುರಂಗಗಳನ್ನು ಕಟ್ಟುತ್ತಿದ್ದ ಸಿವಿಲ್ ಎಂಜಿನಿಯರ್. ಲೆಯೋನ್ ಪ್ರಾಂತ್ಯದಲ್ಲಿ ಪೋರ್ಮಾ ನದಿಯ ಅಣೆಕಟ್ಟು ಏಳುತ್ತಿದ್ದ ವರ್ಷಗಳಲ್ಲಿ ಆತ ಕಾದಂಬರಿಯನ್ನೂ ಬರೆಯುತ್ತಿದ್ದ. ‘ವೊಲ್ವೆರಾಸ್ ಆ ರೆಹಿಯೋನ್’ 1967ರಲ್ಲಿ ಪ್ರಕಟವಾಯಿತು. ಅದು ಯಾವ ನಕ್ಷೆಯಲ್ಲೂ ಇಲ್ಲದ, ಯುದ್ಧ ಮತ್ತು ಹಾಳುಬೀಳುವಿಕೆಯಿಂದ ಒಣಗಿದ ಒಂದು ಸೀಮೆಯ ಕತೆ. ಭೂಸ್ತರ, ಕಣಿವೆ, ಹೊಳೆಯ ಓಟಗಳನ್ನು ಆತ ಬರೆಯುವುದು ಸರ್ವೆ ಮಾಡಿದವನ ಹಟದಿಂದ. ಮುಂದಿನ ಒಂದು ಕಾದಂಬರಿಗಂತೂ ಆ ಕಲ್ಪಿತ ಸೀಮೆಯ ನಕ್ಷೆಯನ್ನು ಸ್ಕೇಲಿಗೆ ಸರಿಯಾಗಿ ತಾನೇ ಬರೆದು ಲಗತ್ತಿಸಿದ. ಪೋರ್ಮಾದ ನೀರಿನಲ್ಲಿ ವೆಗಮಿಯಾನ್ ಎಂಬ ಹಳ್ಳಿ ಮುಳುಗಿತು. ಆ ಹಳ್ಳಿಯಲ್ಲಿ 1955ರಲ್ಲಿ ಹುಟ್ಟಿದ ಹುಲಿಯೋ ಯಾಮಸಾರೆಸ್ ಮುಂದೆ ತಾನೂ ದೊಡ್ಡ ಕಾದಂಬರಿಕಾರನಾದ. ಆ ಜಲಾಶಯದ ದಡದಲ್ಲಿ ಸೇರಿದ, ಮುಳುಗಡೆಯಾದ ಒಂದು ಕುಟುಂಬದ ಕತೆಯನ್ನು 2015ರಲ್ಲಿ ಬರೆದ. ಜಲಾಶಯಕ್ಕೆ ಈಗ ಬೆನೆಟ್‌ನ ಹೆಸರು. ಕಟ್ಟಿದವನೂ ಕಾದಂಬರಿಕಾರ, ಕಳಕೊಂಡವನೂ ಕಾದಂಬರಿಕಾರ. ಯಾರೂ ಯಾರ ವಕೀಲನಾಗಲಿಲ್ಲ. ಅವರಿಬ್ಬರನ್ನೂ ಓದಿದ ಸ್ಪ್ಯಾನಿಷ್ ಓದುಗನಿಗೆ ಒಂದು ಅಣೆಕಟ್ಟು ಎಂದರೇನು ಎಂಬುದು ಎರಡು ದಡಗಳಿಂದ ಗೊತ್ತು. ನಮ್ಮಲ್ಲಿ ಆಲಮಟ್ಟಿಯ ನೀರಿಗೆ ಹಳೇ ಬಾಗಲಕೋಟೆ ಹೋಯಿತು, ನವನಗರ ಎದ್ದಿತು. ಆ ಮಟ್ಟಗಳನ್ನು ಗುರುತಿಸಿದವರು, ಮನೆಗೋಡೆಗೆ ನಂಬರು ಬರೆಸಿದವರು ನಿಮ್ಮಲ್ಲೇ ಇದ್ದೀರಿ. ಆ ಕಡೆಯ ದಡ ಇನ್ನೂ ಬರಿದಾಗಿದೆ.

“ಹಾಗಿದ್ದರೆ ಆತ್ಮಕಥೆಯನ್ನೇ ಬರೆಯುತ್ತೇವೆ, ಸುಳ್ಳು ಕತೆ ಏಕೆ?” ಎಂದು ನಿಮ್ಮಲ್ಲಿ ಅನೇಕರು ಕೇಳುತ್ತೀರಿ. ಈ ಪ್ರಶ್ನೆಯೇ ನಿಮ್ಮ ವೃತ್ತಿಯ ಸಂಸ್ಕಾರದ್ದು. ಆತ್ಮಕಥೆಯ ತೊಡಕೆಂದರೆ ಅದು ಹೇಳುವವನನ್ನು ಕಾಯಲೇಬೇಕು. ಸರ್ ಎಂ. ವಿಶ್ವೇಶ್ವರಯ್ಯ ತೊಂಬತ್ತರ ಅಂಚಿನಲ್ಲಿ, 1951ರಲ್ಲಿ, ಇಂಗ್ಲಿಷಿನಲ್ಲಿ ತಮ್ಮ ನೆನಪುಗಳನ್ನು ಪ್ರಕಟಿಸಿದರು. ದುಡಿಮೆಯ ಬದುಕಿನ ನೆನಪುಗಳು ಎಂದೇ ಅದರ ಹೆಸರು. ಅವರು ಮಾಡಿದ್ದೇನು ಎಂದು ತಿಳಿಯಲು ಅದು ಬೇಕು. ಅವರಿಗೆ ರಾತ್ರಿ ನಿದ್ದೆ ಕೆಡಿಸಿದ್ದೇನು ಎಂದು ತಿಳಿಯಲು ಅದು ಸಹಾಯ ಮಾಡುವುದಿಲ್ಲ. ಅಂಥ ಮೇರು ವ್ಯಕ್ತಿಯ ಪಾಡೇ ಹೀಗಾದರೆ, ನಮ್ಮ ನಿಮ್ಮಂಥವರ ಆತ್ಮಕಥೆಗಳು “ನಾನು ಆಗಲೇ ಹೇಳಿದ್ದೆ, ಮೇಲಿನವರು ಕೇಳಲಿಲ್ಲ” ಎಂಬಲ್ಲಿಗೆ ಬಂದು ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ. ಕಾದಂಬರಿಗೆ ಈ ಕಟ್ಟು ಇಲ್ಲ. ಅಲ್ಲಿ ತಪ್ಪು ಮಾಡಿದವನೇ ನಾಯಕನಾಗಬಹುದು, ಅವನ ತಪ್ಪು ಅವನಿಗೆ ಸರಿಯೆಂದು ಕಂಡ ಆ ಒಂದು ಮಧ್ಯಾಹ್ನವನ್ನು ಒಳಗಿನಿಂದ ತೋರಿಸಬಹುದು.

ರಷ್ಯದ ಆಂದ್ರೇ ಪ್ಲತೋನವ್ 1920ರ ದಶಕದಲ್ಲಿ ವೊರೋನೆಜ್ ಪ್ರಾಂತ್ಯದ ಭೂಸುಧಾರಣಾ ಎಂಜಿನಿಯರ್. ಬರಗಾಲದ ನಂತರ ಹಳ್ಳಿ ಹಳ್ಳಿಯಲ್ಲಿ ಕೆರೆ ಬಾವಿ ತೋಡಿಸಿದವನು. ಆ ಕೆಲಸದ ಬೆನ್ನಿಗೇ, 1927ರಲ್ಲಿ, ಎಪಿಫಾನಿನ ಕಾಲುವೆಯ ಕತೆ ಬರೆದ. ಪೀಟರ್ ದೊರೆಯ ಕಾಲದಲ್ಲಿ ಒಬ್ಬ ಇಂಗ್ಲಿಷ್ ಎಂಜಿನಿಯರ್ ಎರಡು ನದಿಗಳನ್ನು ಜೋಡಿಸಲು ಹೊರಡುತ್ತಾನೆ. ನೀರು ಸಾಲದೆಂದು ಸರೋವರದ ತಳದಲ್ಲಿ ಕೊರೆಯಿಸುತ್ತಾನೆ. ನೀರನ್ನು ಹಿಡಿದಿಟ್ಟಿದ್ದ ಜೇಡಿಮಣ್ಣಿನ ಪದರಕ್ಕೇ ತೂತು ಬಿದ್ದು, ಇದ್ದ ನೀರೂ ಕೆಳಗಿನ ಮರಳಿಗೆ ಇಳಿದುಹೋಗುತ್ತದೆ. ಅಧಿಕಾರದ ಕ್ರೌರ್ಯದ ಬಗ್ಗೆ ಕತೆ ಬರೆದವರು ಬಹಳ ಮಂದಿ. ಆ ಕ್ರೌರ್ಯ ಒಂದು ಮಣ್ಣಿನ ಪದರದ ಮೂಲಕ ಕೆಲಸ ಮಾಡುವುದನ್ನು ಬರೆಯಲು ಬಾವಿ ತೋಡಿಸಿದವನೇ ಬೇಕಾಯಿತು. ಇಂಗ್ಲೆಂಡಿನ ನೆವಿಲ್ ಶ್ಯೂಟ್‌ನದು ಇನ್ನೊಂದು ಬಗೆ. ಆರ್-100 ಎಂಬ ವಾಯುನೌಕೆಯ ಲೆಕ್ಕಾಚಾರ ಮಾಡಿದವನು, ವಿಮಾನ ಕಂಪನಿಯೊಂದನ್ನು ಕಟ್ಟಿ ನಡೆಸಿ 1938ರಲ್ಲಿ ಬಿಟ್ಟವನು. 1948ರ ‘ನೋ ಹೈವೇ’ ಕಾದಂಬರಿಯಲ್ಲಿ ಲೋಹದ ಆಯಾಸದಿಂದ ವಿಮಾನದ ಬಾಲ ಮುರಿಯುತ್ತದೆಂದು ಲೆಕ್ಕ ಹಾಕುವ, ಯಾರೂ ಕಿವಿಗೊಡದ ಒಬ್ಬ ಪೆದ್ದುಪೆದ್ದಾದ ಸಂಶೋಧಕನಿದ್ದಾನೆ. 1954ರಲ್ಲಿ ಎರಡು ಕಾಮೆಟ್ ವಿಮಾನಗಳು ಆಕಾಶದಲ್ಲೇ ಒಡೆದು ಬಿದ್ದವು, ತನಿಖೆಯಲ್ಲಿ ಕಾರಣವೆಂದು ಸಿಕ್ಕಿದ್ದು ಲೋಹದ ಆಯಾಸ. ಶ್ಯೂಟ್‌ಗೆ ಕಾಲಜ್ಞಾನವಿತ್ತೆಂದು ಹೇಳಬೇಕಾಗಿಲ್ಲ, ಆ ವಿಷಯ ಬಲ್ಲವರು ಆಗಲೂ ಇದ್ದರು. ಆದರೆ ಎಚ್ಚರಿಕೆ ಕೊಡುವವನನ್ನು ಸಂಸ್ಥೆಯೊಂದು ಹೇಗೆ ಕಡೆಗಣಿಸುತ್ತದೆ, ಅವನ ವಿಚಿತ್ರ ನಡವಳಿಕೆಯೇ ಅವನ ಲೆಕ್ಕದ ವಿರುದ್ಧ ಹೇಗೆ ಸಾಕ್ಷಿಯಾಗುತ್ತದೆ ಎಂಬುದನ್ನು ಯಾವ ತಾಂತ್ರಿಕ ವರದಿಯೂ ಹಾಗೆ ಹೇಳಲಾರದು.

ಇನ್ನು ವಯಸ್ಸಿನ ಮಾತು. ಇದು ನಿಮಗಿಂತ ಹೆಚ್ಚಾಗಿ ನಿಮ್ಮ ಟೀಕಾಕಾರರು ಎತ್ತುವ ಆಕ್ಷೇಪ: ಕಲೆಗೆ ಎಳವೆಯಲ್ಲೇ ಕೈ ಪಳಗಬೇಕು, ಅರವತ್ತಕ್ಕೆ ಶುರುಮಾಡಿದರೆ ಹವ್ಯಾಸವಷ್ಟೇ. ಇದಕ್ಕೆ ಹೆಚ್ಚು ಜಾಗ ಕೊಡಬೇಕಿಲ್ಲ. ಕೆನರಾ ಬ್ಯಾಂಕಿನಲ್ಲಿದ್ದ ಶ್ರೀನಿವಾಸ ವೈದ್ಯರು ಬರವಣಿಗೆಗೆ ತಡವಾಗಿ ಬಂದವರು. ‘ಹಳ್ಳ ಬಂತು ಹಳ್ಳ’ ಬರೆದಾಗ ಅರವತ್ತು ದಾಟಿತ್ತು, ಅದಕ್ಕೆ 2008ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಂಗ್ಲೆಂಡಿನ ಪೆನೆಲೋಪಿ ಫಿಟ್ಸ್‌ಜೆರಾಲ್ಡ್ ಅರವತ್ತರಲ್ಲಿ ಮೊದಲ ಕಾದಂಬರಿ ಪ್ರಕಟಿಸಿ ಎರಡೇ ವರ್ಷಕ್ಕೆ ಬೂಕರ್ ಪಡೆದರು. ಬಣ್ಣದ ಕಾರ್ಖಾನೆಯ ರಸಾಯನತಜ್ಞ ಪ್ರಿಮೊ ಲೆವಿ ಯೌವನದಿಂದಲೂ ಬರೆಯುತ್ತಿದ್ದರೂ, ಕ್ರೇನು, ಸೇತುವೆಗಳನ್ನು ಜೋಡಿಸುವ ಫಿಟ್ಟರ್ ಒಬ್ಬನ ಕತೆಗಳನ್ನು ಪುಸ್ತಕವಾಗಿ ತಂದದ್ದು ಕಾರ್ಖಾನೆ ಬಿಟ್ಟ ಮೇಲೆ, 1978ರಲ್ಲಿ. ಆ ಫಿಟ್ಟರು ಭಾರತಕ್ಕೂ ಸೇತುವೆಯ ಕೆಲಸಕ್ಕೆ ಬಂದು ಹೋಗುತ್ತಾನೆ. ಉದಾಹರಣೆಗಳಿಂದ ನಿಯಮ ಸಿದ್ಧವಾಗದು, ಒಪ್ಪಿದೆ. ತಡವಾಗಿ ಬಂದವರಲ್ಲಿ ಹೆಚ್ಚಿನವರು ಸಾಧಾರಣವಾಗಿಯೇ ಬರೆಯುತ್ತಾರೆ. ಬೇಗ ಬಂದವರಲ್ಲೂ ಹೆಚ್ಚಿನವರದು ಅದೇ ಕತೆ.

ವೈದ್ಯರ ಹೆಸರೆತ್ತಿದ ಕೂಡಲೇ ನೀವು ನನ್ನನ್ನೇ ಕಟ್ಟಿಹಾಕಬಹುದು. ಅವರು ಬ್ಯಾಂಕಿನ ಕತೆ ಬರೆಯಲಿಲ್ಲ, ನವಲಗುಂದದ ಒಂದು ಮನೆತನದ ಕತೆ ಬರೆದರು. ಎಚ್‌ಎಎಲ್‌ನ ಎಂಜಿನಿಯರ್ ನೇಮಿಚಂದ್ರ ‘ಯಾದ್ ವಶೇಮ್’ನಲ್ಲಿ ಯಹೂದಿಗಳ ನರಮೇಧದತ್ತ ಹೋದರು, ವಿಮಾನದ ಕಾರ್ಖಾನೆಯತ್ತ ಅಲ್ಲ. ಸ್ವತಃ ಗಜಾನನ ಶರ್ಮರೂ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಮೇಲೆ ಕಾದಂಬರಿ ಬರೆದಿದ್ದಾರೆ. ಹಾಗಿರುವಾಗ ಎಂಜಿನಿಯರನ್ನು ಮಾತ್ರ ಅವನ ಸೈಟಿಗೇ ಏಕೆ ಕಟ್ಟಿಹಾಕಬೇಕು? ಇದು ಗಟ್ಟಿ ಆಕ್ಷೇಪ, ಇದಕ್ಕೆ ಅರ್ಧ ಸೋಲೊಪ್ಪಲೇಬೇಕು. ಲೇಖಕ ಏನು ಬರೆಯಬೇಕೆಂದು ಯಾರೂ ಟೆಂಡರ್ ಕರೆಯಲಾಗದು. ಉಳಿದರ್ಧ ಹೀಗಿದೆ. ನವಲಗುಂದದ ಮನೆಯ ಒಳಗನ್ನು ವೈದ್ಯರು ಬಲ್ಲಷ್ಟು ಚೆನ್ನಾಗಿ ನೀವು ನಿಮ್ಮ ಬಾಲ್ಯದ ಊರನ್ನು ಬಲ್ಲಿರೇ? ಹದಿನೇಳಕ್ಕೆ ಕಾಲೇಜಿಗೆಂದು ಬಿಟ್ಟ ಊರು ಅದು, ಆಮೇಲೆ ಹಬ್ಬಕ್ಕೆ ಹೋಗಿಬಂದದ್ದಷ್ಟೇ. ಆ ಊರನ್ನು ನಿಮಗಿಂತ ಮೊದಲೇ, ನಿಮಗಿಂತ ಒಳಗಿನಿಂದ ಬರೆದವರು ಕನ್ನಡದಲ್ಲಿ ತುಂಬ ಇದ್ದಾರೆ. ಕ್ರೆಸ್ಟ್ ಗೇಟಿನ ಮೇಲಿನ ನಡೆದಾರಿಯಲ್ಲಿ ಆಗಸ್ಟ್ ತಿಂಗಳ ರಾತ್ರಿ ಒಳಹರಿವಿನ ಅಂಕಿ ಕಾಯುತ್ತ ನಿಂತವರು ನೀವು ಮಾತ್ರ.

ಓದುಗರಿಗೆ ಇದೆಲ್ಲ ರುಚಿಸದು, ತಾಂತ್ರಿಕ ವಿವರ ಬಂದರೆ ಪುಟ ಮಗುಚುತ್ತಾರೆ ಎಂಬ ಅಳುಕು ನಿಮ್ಮಲ್ಲಿ ಹಲವರಿಗಿದೆ. 2024ರ ಆಗಸ್ಟನ್ನು ನೆನಪಿಸಿಕೊಳ್ಳಿ. 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಎಪ್ಪತ್ತು ವರ್ಷ ಹಳೆಯ ಅಣೆಕಟ್ಟು, ತುಂಬಿದ ಜಲಾಶಯ, ಕೆಳಗೆ ನಾಟಿಗೆ ನೀರು ನಂಬಿದ ಮೂರು ರಾಜ್ಯಗಳ ರೈತರು. ಮುಂದಿನ ಒಂದು ವಾರ ಕೊಪ್ಪಳ, ಬಳ್ಳಾರಿ, ರಾಯಚೂರಿನ ಚಹಾ ಅಂಗಡಿಗಳಲ್ಲಿ ಜನ ಸ್ಟಾಪ್‌ಲಾಗ್ ಬಗ್ಗೆ ಮಾತಾಡಿದರು. ಹರಿಯುವ ನೀರಿನಲ್ಲೇ ಉಕ್ಕಿನ ತಡೆಗಳನ್ನು ಒಂದರ ಮೇಲೊಂದು ಇಳಿಸಬಹುದೇ, ಅದಕ್ಕೆ ಎಷ್ಟು ಟಿಎಂಸಿ ಹೊರಬಿಡಬೇಕು ಎಂಬುದು ಮನೆಮಾತಾಯಿತು. ಸರ್ಕಾರ ಕರೆಸಿಕೊಂಡದ್ದು ಗೇಟುಗಳ ಕೆಲಸದಲ್ಲೇ ಬದುಕು ಸವೆಸಿದ್ದ ಹಿರಿಯ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರನ್ನು. ಒಂದು ವಾರದಲ್ಲಿ ನೀರು ನಿಂತಿತು. ಏನಾದರೂ ಪಣಕ್ಕಿದ್ದರೆ ಓದುಗ ಎಂಥ ತಾಂತ್ರಿಕ ವಿವರವನ್ನೂ ಉಸಿರು ಹಿಡಿದು ಕೇಳುತ್ತಾನೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ? ವಿವರ ಬೇಸರ ತರಿಸುವುದು ಅದರಲ್ಲಿ ಯಾರ ಭವಿಷ್ಯವೂ ನೇತಾಡದೆ ಇದ್ದಾಗ.

ಆದರೆ ಈ ವಸ್ತುವನ್ನು ಎತ್ತಿಕೊಂಡ ಕೆಲವರೂ ಒಂದೇ ಹಳ್ಳಕ್ಕೆ ಬೀಳುವುದನ್ನು ಹೇಳಲೇಬೇಕು. ಕತೆಯಲ್ಲಿ ಒಬ್ಬ ಪ್ರಾಮಾಣಿಕ ಎಂಜಿನಿಯರ್, ಒಬ್ಬ ಲಂಚಕೋರ ಕಂಟ್ರಾಕ್ಟರ್, ಮಂತ್ರಿಯ ಕಡೆಯಿಂದ ಒಂದು ಫೋನು, ಕೊನೆಗೆ ಬೀದರಿಗೋ ಕಾರವಾರಕ್ಕೋ ವರ್ಗ. ಹೆಂಡತಿ ಟ್ರಂಕು ತುಂಬುವಲ್ಲಿಗೆ ಮುಕ್ತಾಯ. ಇಂಥವರಿಲ್ಲ ಎಂದಲ್ಲ. ಈ ಕತೆಯಲ್ಲಿ ನಾಯಕನಿಗೆ ನಿರ್ಧರಿಸಲು ಏನೂ ಇಲ್ಲ, ಅವನು ಮೊದಲ ಪುಟದಲ್ಲೇ ಗೆದ್ದಿದ್ದಾನೆ. ನಿಮ್ಮ ಕೆಲಸದ ನಿಜವಾದ ಇಕ್ಕಟ್ಟು ಇದಕ್ಕಿಂತ ಬಹಳ ಸೂಕ್ಷ್ಮ. ಕಾಂಕ್ರೀಟಿನ ಬಲ ಗೊತ್ತಾಗುವುದು ಹಾಕಿದ 28 ದಿನಕ್ಕೆ, ಕ್ಯೂಬುಗಳನ್ನು ಯಂತ್ರದಲ್ಲಿ ಒಡೆದು ನೋಡಿದಾಗ. ಅನುದಾನ ವಾಪಸು ಹೋಗುವುದು ಮಾರ್ಚ್ 31ಕ್ಕೆ. ಮಾರ್ಚ್ ಹತ್ತಕ್ಕೆ ಸೇತುವೆಯ ಸ್ಲ್ಯಾಬ್ ಹಾಕಿದರೆ ಫಲಿತಾಂಶ ಬರುವುದು ಏಪ್ರಿಲ್ ಏಳಕ್ಕೆ. ಏಳು ದಿನದ ಕ್ಯೂಬು ಪಾಸಾಗಿದೆ, ಆದರೆ ಅಂಚಿನಲ್ಲಿ. ಅಳತೆ ಪುಸ್ತಕದಲ್ಲಿ ಅಳತೆ ಬರೆದಾಗಿದೆ, ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಚೆಕ್ ಮಾಡಿ ಸಹಿ ಹಾಕಬೇಕು. ಹಾಕದಿದ್ದರೆ ಹಣ ಹೋಗುತ್ತದೆ, ಆ ಹಳ್ಳಕ್ಕೆ ಸೇತುವೆ ಇನ್ನೂ ಐದು ವರ್ಷ ಇಲ್ಲ, ಮಳೆಗಾಲದಲ್ಲಿ ಶಾಲೆಯ ಮಕ್ಕಳು ಹೊಳೆಯಲ್ಲೇ ದಾಟಬೇಕು. ಹಾಕಿದರೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ದಾಖಲಿಸಿದಂತೆ. ಇಲ್ಲಿ ಲಂಚವಿಲ್ಲ, ಮಂತ್ರಿಯಿಲ್ಲ, ಖಳನಾಯಕನೇ ಇಲ್ಲ. ಸಹಿ ಹಾಕುವ ಕೈ ಒಳ್ಳೆಯ ಮನುಷ್ಯನದು. ಆ ಸೇತುವೆ ನಲವತ್ತು ವರ್ಷ ಗಟ್ಟಿಯಾಗಿ ನಿಂತರೂ ಆ ಮನುಷ್ಯನೊಳಗೆ ಏನೋ ಒಂದು ಸರಿದಿದೆ. ಅದನ್ನು ಬರೆದರೆ ನಿಮ್ಮ ಕತೆ ಭ್ರಷ್ಟಾಚಾರದ ಭಾಷಣವಾಗದೆ, ನಾವೆಲ್ಲ ನಮ್ಮ ನಮ್ಮ ಕೆಲಸಗಳಲ್ಲಿ ಮಾಡುವ ರಾಜಿಯ ಕತೆಯಾಗುತ್ತದೆ.

ಭಾಷೆಯ ಅಡ್ಡಿ ನಿಜವಾದದ್ದು, ಆದರೆ ನೀವು ಅಂದುಕೊಂಡ ಕಡೆ ಅಲ್ಲ. ಕೆಲಸವೆಲ್ಲ ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಪದಗಳಿಲ್ಲ ಎನ್ನುತ್ತೀರಿ. ಫೈಲು ಇಂಗ್ಲಿಷಿನಲ್ಲಿತ್ತು, ಸೈಟು ಎಂದೂ ಇಂಗ್ಲಿಷಿನಲ್ಲಿರಲಿಲ್ಲ. ತೂಬು, ಕೋಡಿ, ಗಾರೆ, ಸುರ್ಕಿ, ಮಟ್ಟಗೋಲುಗಳ ಪಕ್ಕದಲ್ಲಿ ಸೆಂಟ್ರಿಂಗ್, ಕ್ಯೂರಿಂಗ್, ಲೆವೆಲ್, ಎಸ್ಟಿಮೇಟ್‌ಗಳು ಕನ್ನಡದವೇ ಆಗಿ ಬಾಳಿವೆ. ಮೇಸ್ತ್ರಿಯ ಜೊತೆ ಆಡಿದ ಮಾತನ್ನು ಹಾಗೇ ಬರೆಯಿರಿ, ನಿಘಂಟಿನಿಂದ ತಂದ ಹೊಸ ಪದಗಳಿಂದ ಓದುಗನನ್ನು ಹೆದರಿಸಬೇಡಿ. ಬೇಕಲೈಟ್ ಹೈಲಂ ಕಂಪನಿಯಲ್ಲಿ ದುಡಿದ ಯಶವಂತ ಚಿತ್ತಾಲರು ಮುಂಬಯಿಯ ಕಾರ್ಪೊರೇಟ್ ಲೋಕವನ್ನು 1979ರಲ್ಲೇ ‘ಶಿಕಾರಿ’ಯಲ್ಲಿ ಕನ್ನಡದೊಳಗೆ ತಂದಿದ್ದಾರೆ, ಅಲ್ಲಿ ಯಾರಿಗೂ ಪದದ ಕೊರತೆ ಕಂಡಿಲ್ಲ. ನಮ್ಮ ಬಿಇಎಲ್‌ನಲ್ಲೇ ಮತಯಂತ್ರದ ಕೆಲಸದಲ್ಲಿದ್ದ ರಂಗರಾಜನ್ ‘ಸುಜಾತಾ’ ಎಂಬ ಹೆಸರಿನಲ್ಲಿ ಬರೆದು ತಮಿಳು ಓದುಗರ ಕಣ್ಮಣಿಯಾದರು. ಬೆಂಗಳೂರಿನ ಕಾರ್ಖಾನೆಯ ಬುದ್ಧಿ ತಮಿಳಿಗೆ ದಕ್ಕಿ ಕನ್ನಡಕ್ಕೆ ದಕ್ಕಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚು ಪಡುವುದರಲ್ಲಿ ತಪ್ಪಿಲ್ಲ. ನಿಜವಾದ ಅಡ್ಡಿ ಬೇರೆ ಇದೆ. ಮೂವತ್ತು ವರ್ಷ ನೀವು ಬರೆದ ವಾಕ್ಯಗಳಲ್ಲಿ ಮಾಡಿದವನೇ ಇರಲಿಲ್ಲ. ಪರಿಶೀಲಿಸಲಾಯಿತು, ಗಮನಿಸಲಾಗಿದೆ, ಕ್ರಮ ಕೈಗೊಳ್ಳಲಾಗುವುದು. ಯಾರು ಪರಿಶೀಲಿಸಿದರು, ಯಾರಿಗೆ ಕಂಡಿತು, ಯಾರು ಕೈಗೊಳ್ಳುತ್ತಾರೆ ಎಂಬುದು ಮರೆಯಾಗುವಂತೆ ಬರೆಯುವುದೇ ನಿಮ್ಮ ಕೌಶಲವಾಗಿತ್ತು, ಅದೇ ನಿಮ್ಮ ರಕ್ಷಣೆಯೂ ಆಗಿತ್ತು. ಕಾದಂಬರಿಯಲ್ಲಿ ಈ ವಾಕ್ಯ ಒಂದು ಗಳಿಗೆಯೂ ಬದುಕದು. ಪ್ರತಿ ಕ್ರಿಯಾಪದಕ್ಕೂ ಒಬ್ಬ ಮನುಷ್ಯನನ್ನು ಹುಡುಕಿ ಹಚ್ಚಬೇಕು. ಈ ಅಭ್ಯಾಸ ಬಿಡಿಸಿಕೊಳ್ಳಲು ಒಂದೆರಡು ವರ್ಷ ಹಿಡಿದರೂ ಹಿಡಿಯಲಿ, ಅಷ್ಟರವರೆಗೆ ಅಚ್ಚಿಗೆ ಅವಸರ ಬೇಡ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಕನ್ನಡದ ದಲಿತ, ಬಂಡಾಯ ಸಾಹಿತ್ಯದ ಒಳಗಿನಿಂದ ಬರುತ್ತದೆ. ಅಣೆಕಟ್ಟಿನ ಕಲ್ಲು ಒಡೆದವರು, ಮಣ್ಣು ಹೊತ್ತವರು, ಸುರಂಗದಲ್ಲಿ ಸತ್ತವರು ಬೇರೆ. ಕೂಲಿ ಲೆಕ್ಕ ಬರೆದವರು ಬೇರೆ. ಭೋವಿ ಕಲ್ಲುಕುಟಿಗರ ಕತೆಯೇ ಇನ್ನೂ ಸರಿಯಾಗಿ ಬಂದಿಲ್ಲದಿರುವಾಗ, ಜೀಪಿನಲ್ಲಿ ಬಂದಿಳಿದ ಸಾಹೇಬರ ಅಂತರಂಗ ಯಾರಿಗೆ ಬೇಕು? ಶರಾವತಿ ಸಂತ್ರಸ್ತರಲ್ಲಿ ಎಷ್ಟೋ ಕುಟುಂಬಗಳು ಆರು ದಶಕ ಕಳೆದರೂ ಭೂಮಿಯ ಹಕ್ಕುಪತ್ರಕ್ಕಾಗಿ ಹೋರಾಡುತ್ತಿವೆ. ಹಿನ್ನೀರಿನ ಆಚೆಯವರು ಲಾಂಚು ನಂಬಿಯೇ ಬದುಕಿದರು, ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಇಂಥಲ್ಲಿ ಎಂಜಿನಿಯರನ ಕಾದಂಬರಿ ಅಪರಾಧಿಯ ಸಮರ್ಥನೆಯಂತೆ ಕಾಣುವುದು ಸಹಜ. ಸಮರ್ಥನೆಯಾಗಿ ಬರೆದರೆ ಆ ಸಿಟ್ಟಿಗೆ ನೀವು ಅರ್ಹರೇ. ನನ್ನ ಉತ್ತರ ಇಷ್ಟು: ಕೆಳಗಿನವರ ಸಾಹಿತ್ಯ ಅನ್ಯಾಯ ಆಯಿತೆಂದು ಸಾಬೀತು ಮಾಡಿದೆ. ಆ ಅನ್ಯಾಯ ಓದಿದ, ಸಭ್ಯ, ದೇವರಿಗೆ ಹೆದರುವ ಮನುಷ್ಯರ ಕೈಯಲ್ಲಿ ಹೇಗೆ ಆಯಿತು, ಪುನರ್ವಸತಿ ಎಂಬುದು ಹೇಗೆ ಎಸ್ಟಿಮೇಟಿನ ಕೊನೆಯ ಪುಟದ ಸಣ್ಣ ಮೊತ್ತವಾಯಿತು ಎಂಬುದು ಆ ಮೇಜುಗಳ ಹಿಂದೆ ಕೂತವರಿಗೆ ಮಾತ್ರ ಗೊತ್ತು. ಅದನ್ನು ಮುಚ್ಚಿಟ್ಟುಕೊಂಡು ಪುರಾಣ ಬರೆಯುವುದು ಸಂತ್ರಸ್ತರ ಪರವಾದ ಮೌನವೇನಲ್ಲ. ಸಾಕ್ಷಿ ನುಡಿಯದೆ ಕಟಕಟೆಯಿಂದ ಇಳಿದುಹೋದಂತೆ ಅದು.

ಭಯದ ಮಾತನ್ನೂ ಆಡಿಬಿಡೋಣ. ಪಿಂಚಣಿಗೆ ತೊಂದರೆಯಾದೀತು, ಹಳೆಯ ಸಹೋದ್ಯೋಗಿ ಕೋರ್ಟಿಗೆ ಹೋದಾನು ಎಂಬ ಹೆದರಿಕೆ ಬರೀ ನೆಪವಲ್ಲ. ನಿವೃತ್ತರ ಮೇಲೂ ಇಲಾಖಾ ವಿಚಾರಣೆಗೆ ಸೇವಾ ನಿಯಮಗಳಲ್ಲಿ ಅವಕಾಶವಿದೆ. ಆದರೆ ನಿವೃತ್ತಿಯ ನಂತರ ಹೊಸದಾಗಿ ಶುರುವಾಗುವ ವಿಚಾರಣೆ ನಾಲ್ಕು ವರ್ಷಕ್ಕಿಂತ ಹಳೆಯ ಘಟನೆಯ ಮೇಲೆ ನಡೆಯುವಂತಿಲ್ಲ ಎಂಬ ಮಿತಿಯೂ ಅಲ್ಲೇ ಇದೆ. ರಕ್ಷಣಾ ಕಾರ್ಖಾನೆಗಳಲ್ಲಿದ್ದವರಿಗೆ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಅವಧಿಯಿಲ್ಲದೆ ಬೆನ್ನಿಗಿರುತ್ತದೆ. ಅಂಥವರು ಯಂತ್ರವನ್ನು ಬಿಟ್ಟು ಯಂತ್ರದ ಸುತ್ತಲಿನ ಮನುಷ್ಯರನ್ನು ಬರೆಯಲಿ. ಇನ್ನುಳಿದವರು ಊರಿನ ಹೆಸರು ಬದಲಿಸಿ, ಎರಡು ಯೋಜನೆಗಳನ್ನು ಒಂದಾಗಿಸಿ, ಮೂವರು ಅಧಿಕಾರಿಗಳನ್ನು ಒಬ್ಬನಲ್ಲಿ ಸೇರಿಸಿ. ಕಾದಂಬರಿ ಎಂಬ ಪ್ರಕಾರ ಮೂರು ಶತಮಾನದಿಂದ ಕೊಡುತ್ತ ಬಂದಿರುವ ಈ ಮರೆ ಇರುವುದೇ ನಿಮ್ಮಂಥವರಿಗಾಗಿ. ಹೆಸರು ಬದಲಿಸಿದರೂ ಜನ ಗುರುತು ಹಿಡಿಯುತ್ತಾರೆ ಎನ್ನುತ್ತೀರಿ. ಬರೆದದ್ದು ಒಬ್ಬ ವ್ಯಕ್ತಿಯ ಮೇಲಿನ ಸೇಡಾಗಿದ್ದರೆ ಮಾತ್ರ ಒಬ್ಬನನ್ನೇ ಗುರುತು ಹಿಡಿಯುತ್ತಾರೆ. ಚೆನ್ನಾಗಿ ಬರೆದರೆ ನಾಲ್ಕು ಡಿವಿಜನ್ನುಗಳಲ್ಲಿ ನಾಲ್ಕು ಮಂದಿ ಇದು ತಮ್ಮದೇ ಕತೆಯೆಂದುಕೊಳ್ಳುತ್ತಾರೆ.

ಕೊನೆಗೊಂದು ವ್ಯವಹಾರದ ಮಾತು. ಕೈಯಲ್ಲಿ ಗ್ರಾಚ್ಯುಟಿ ಇದೆ, ಮುದ್ರಣ ಅಗ್ಗವಾಗಿದೆ, ಮುನ್ನುಡಿ ಬರೆಯುವವರು ಸುಲಭವಾಗಿ ಸಿಗುತ್ತಾರೆ. ಈ ಮೂರೂ ಸೇರಿ ನಿಮ್ಮಲ್ಲಿ ಎಷ್ಟೋ ಮಂದಿಯ ಮೊದಲ ಕರಡನ್ನೇ ಪುಸ್ತಕ ಮಾಡಿವೆ. ನಿಮ್ಮ ಬ್ಯಾಚಿನ ಗೆಳೆಯರಿಗೆ ಹಸ್ತಪ್ರತಿ ಕೊಟ್ಟರೆ “ಫಸ್ಟ್ ಕ್ಲಾಸ್” ಎನ್ನುತ್ತಾರೆ, ಅದು ಸ್ನೇಹ, ವಿಮರ್ಶೆಯಲ್ಲ. ಒಂದು ವರ್ಷ ಕಾದು, ಆ ಕರಡನ್ನು ನಿಮ್ಮ ಕೈಕೆಳಗೆ ದುಡಿದ ವರ್ಕ್ ಇನ್ಸ್‌ಪೆಕ್ಟರಿಗೋ ಲೈನ್‌ಮನ್ನಿಗೋ ಓದಿ ಹೇಳಿ. ಗೇಟು ಎಷ್ಟು ತಿರುವಿಗೆ ಏಳುತ್ತದೆ ಎಂಬುದನ್ನು ತಪ್ಪು ಬರೆದಿದ್ದರೆ ಅವರು ತಿದ್ದುತ್ತಾರೆ. ಆ ರಾತ್ರಿ ನೀವು ಸೈಟಿನಲ್ಲೇ ಇರಲಿಲ್ಲ, ಇದ್ದದ್ದು ತಾನು ಎಂದೂ ಹೇಳಿಯಾರು. ಹಾಗೆ ಹೇಳಿದರೆ ಆ ಅಧ್ಯಾಯವನ್ನು ಅವರ ಕಣ್ಣಿನಿಂದ ಮತ್ತೆ ಬರೆಯಿರಿ.

ಇಂತಿ,
ನಿಮ್ಮ ಪುಸ್ತಕಗಳಿಗೆ ಕಾದಿರುವ ಒಬ್ಬ ಓದುಗ